ಧೂಳು ನುಸಿ ಅಲರ್ಜಿ

ಧೂಳು ನುಸಿ ಅಲರ್ಜಿ ಎಂದರೆ ಮನೆಯ ಧೂಳಿನಲ್ಲಿ ವಾಸಿಸುವ ಅತಿಸೂಕ್ಷ್ಮ ನುಸಿಗಳ ಹಿಕ್ಕೆ ಹಾಗೂ ದೇಹದ ತುಣುಕುಗಳಲ್ಲಿರುವ ಪ್ರೋಟೀನುಗಳಿಗೆ ಮಾನವನ ರೋಗನಿರೋಧಕ ವ್ಯವಸ್ಥೆಯು ತೋರುವ ಅತಿಯಾದ ಪ್ರತಿಕ್ರಿಯೆ. ಬೆಚ್ಚಗಿನ, ತೇವವುಳ್ಳ ಉಷ್ಣವಲಯದ ಕರಾವಳಿಗಳಲ್ಲಿ ಇದು ವರ್ಷವಿಡೀ ಕಾಡುತ್ತದೆ. ವಿಜಯಪುರ ಜಿಲ್ಲೆಯಂತಹ ಒಣ ಪ್ರದೇಶಗಳಲ್ಲಿ ನುಸಿಯ ಬೆಳವಣಿಗೆಯು ಋತುಮಾನವನ್ನು ಅವಲಂಬಿಸಿರುತ್ತದೆ. ಆಡುಮಾತಿನ ‘ಧೂಳಿನ ಅಲರ್ಜಿ’ ಎಂಬ ಹೆಸರು ಹೊಲ, ರಸ್ತೆಗಳ ಧೂಳಿನ ತೊಂದರೆಯನ್ನೂ ಒಳಗೊಳ್ಳುವುದರಿಂದ ಇವೆರಡನ್ನೂ ಒಂದೇ ಎಂದು ತಿಳಿಯುವುದುಂಟು.

ನುಸಿಯ ಸ್ವರೂಪ

ಧೂಳು ನುಸಿಗಳು ಕೀಟಗಳಲ್ಲ. ಜೇಡ ಮತ್ತು ಉಣ್ಣಿಗಳ ವರ್ಗಕ್ಕೆ ಸೇರಿದ, ಎಂಟು ಕಾಲುಗಳ ಜೀವಿಗಳು. ಇವುಗಳ ಉದ್ದ ಸುಮಾರು 0.2ರಿಂದ 0.4 ಮಿ.ಮೀ. ಮನುಷ್ಯನ ಚರ್ಮದಿಂದ ಉದುರುವ ಹೊಟ್ಟೇ ಇವುಗಳ ಮುಖ್ಯ ಆಹಾರ. ಇವು ಕಚ್ಚುವುದಿಲ್ಲ. ತೆಂಗಿನ ಕಾಯಿಗೆ ತಗಲುವ ನುಸಿಪೀಡೆಯ ನುಸಿಯೇ ಬೇರೆ, ಇದೇ ಬೇರೆ. ಧೂಳು ನುಸಿಗಳು ನೀರು ಕುಡಿಯುವುದಿಲ್ಲ. ಗಾಳಿಯ ತೇವವನ್ನೇ ಹೀರಿಕೊಳ್ಳುತ್ತವೆ. ಆದ್ದರಿಂದ ಸಾಪೇಕ್ಷ ಆರ್ದ್ರತೆ ಶೇ. 70–80 ಇದ್ದಾಗ ಚೆನ್ನಾಗಿ ವೃದ್ಧಿಸುತ್ತವೆ, ಶೇ. 50ಕ್ಕಿಂತ ಕಡಿಮೆ ಆರ್ದ್ರತೆ ಬಹುಕಾಲ ಮುಂದುವರಿದರೆ ಒಣಗಿ ಸಾಯುತ್ತವೆ.

ಡರ್ಮಟೊಫಗಾಯ್ಡಿಸ್ ಟೆರೊನಿಸಿನಸ್, ಡರ್ಮಟೊಫಗಾಯ್ಡಿಸ್ ಫರಿನೆ ಹಾಗೂ ಉಷ್ಣವಲಯದಲ್ಲಿ ಹೆಚ್ಚಾಗಿ ಕಂಡುಬರುವ ಬ್ಲೋಮಿಯಾ ಟ್ರಾಪಿಕಾಲಿಸ್ ಮುಖ್ಯ ಪ್ರಭೇದಗಳು. ಮನೆಯ ಧೂಳಿನ ಅಲರ್ಜಿಗೆ ನುಸಿಗಳೇ ಪ್ರಮುಖ ಕಾರಣವೆಂಬುದನ್ನು 1960ರ ದಶಕದಲ್ಲಿ ನೆದರ್ಲೆಂಡ್ಸಿನ ಲೈಡನ್ ನಗರದ ಫೋರ್‌ಹೋರ್ಸ್ಟ್, ಸ್ಪೀಕ್ಸ್‌ಮಾ ಮತ್ತು ಸಂಗಡಿಗರು ತೋರಿಸಿಕೊಟ್ಟರು.

ಉಂಟಾಗುವ ಬಗೆ ಮತ್ತು ಲಕ್ಷಣಗಳು

ಅಲರ್ಜಿಯ ಪ್ರವೃತ್ತಿಯುಳ್ಳವರ ದೇಹವು ನುಸಿಯ ಪ್ರೋಟೀನಿಗೆ ಪ್ರತಿಯಾಗಿ ಐಜಿಇ ಎಂಬ ಪ್ರತಿಕಾಯವನ್ನು ಉತ್ಪಾದಿಸುತ್ತದೆ. ಅದೇ ಪ್ರೋಟೀನು ಮತ್ತೆ ಉಸಿರಿನೊಡನೆ ಒಳಹೊಕ್ಕಾಗ ಮಾಸ್ಟ್ ಕೋಶಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಹೊರಸೂಸುತ್ತವೆ. ಇದರಿಂದ ಸಾಲುಸೀನು, ಮೂಗು ಸೋರುವಿಕೆ ಅಥವಾ ಕಟ್ಟುವಿಕೆ, ಕಣ್ಣಿನ ತುರಿಕೆ, ಒಣಕೆಮ್ಮು ಕಾಣಿಸಿಕೊಳ್ಳುತ್ತವೆ. ಕೆಲವರಲ್ಲಿ ಉಬ್ಬಸ ಉಂಟಾಗುತ್ತದೆ. ಹಾಸಿಗೆಯೇ ನುಸಿಗಳ ಮುಖ್ಯ ನೆಲೆಯಾದ್ದರಿಂದ ರಾತ್ರಿ ಮತ್ತು ಬೆಳಗಿನ ಜಾವ ತೊಂದರೆ ಹೆಚ್ಚು.

ವಿಜಯಪುರ ಜಿಲ್ಲೆಯ ಸಂದರ್ಭ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳು ಎರೆಮಣ್ಣಿನ ಬಯಲುಸೀಮೆಗೆ ಸೇರಿವೆ. ಜಿಲ್ಲೆಯ ವಾರ್ಷಿಕ ಮಳೆ ಸುಮಾರು 600 ಮಿ.ಮೀ. ಮಾತ್ರ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಆರ್ದ್ರತೆಯು ಶೇ. 50ಕ್ಕಿಂತ ಬಹಳ ಕೆಳಗಿಳಿಯುವುದರಿಂದ ನುಸಿಗಳ ಸಂಖ್ಯೆ ಕುಗ್ಗುತ್ತದೆ. ಮುಂಗಾರಿನ ತಿಂಗಳುಗಳಲ್ಲಿ, ವಿಶೇಷವಾಗಿ ಹೆಚ್ಚು ಮಳೆಯ ಸೆಪ್ಟೆಂಬರ್ ಸುಮಾರಿಗೆ, ಅವುಗಳಿಗೆ ಅನುಕೂಲ ವಾತಾವರಣ ದೊರೆಯುತ್ತದೆ. ಸತ್ತ ನುಸಿಗಳ ಹಿಕ್ಕೆಯಲ್ಲಿನ ಪ್ರೋಟೀನು ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ ಮಳೆ ನಿಂತ ಮೇಲೂ ತೊಂದರೆ ಮುಂದುವರಿಯಬಹುದು.

ಇದಕ್ಕೆ ಪ್ರತಿಯಾಗಿ, ತೊಗರಿ ಮತ್ತು ಬಿಳಿಜೋಳದ ರಾಶಿಯ ಕಾಲದಲ್ಲಿ ಬರುವ ಸೀನು, ಕೆಮ್ಮುಗಳಿಗೆ ಹೊಟ್ಟಿನ ಧೂಳು, ಶಿಲೀಂಧ್ರದ ಬೀಜಾಣು ಅಥವಾ ಪರಾಗ ಕಾರಣವಾಗಿರಬಹುದು. ಕಾಂಗ್ರೆಸ್ ಕಸವೆಂದು ಹೆಸರಾದ ಪಾರ್ಥೇನಿಯಂ ಗಿಡದ ಪರಾಗವೂ ಅಲರ್ಜಿಕಾರಕವೇ. ಒಂದೇ ವ್ಯಕ್ತಿಗೆ ಎರಡೂ ಬಗೆಯ ತೊಂದರೆ ಇರಬಹುದಾದ್ದರಿಂದ ಅದು ಯಾವ ಋತುವಿನಲ್ಲಿ, ಹೊಲದಲ್ಲೋ ಹಾಸಿಗೆಯಲ್ಲೋ ಹೆಚ್ಚುತ್ತದೆ ಎಂಬುದನ್ನು ವೈದ್ಯರಿಗೆ ತಿಳಿಸುವುದು ಉಪಯುಕ್ತ.

ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಕೌದಿ, ಹತ್ತಿಯ ಗಾದಿ ಮತ್ತು ಕಂಬಳಿಗಳು ನುಸಿಗೆ ಒಳ್ಳೆಯ ಆಸರೆ. ಮಹಾನವಮಿಗೆ ಮುನ್ನ ಮನೆಯ ಹಾಸಿಗೆ ಬಟ್ಟೆಗಳನ್ನೆಲ್ಲ ಒಗೆದು ಬಿಸಿಲಿಗೆ ಹಾಕುವ ಉತ್ತರ ಕರ್ನಾಟಕದ ರೂಢಿಯು ಮಳೆಗಾಲದ ಕೊನೆಗೇ ಬರುವುದರಿಂದ ನುಸಿ ನಿಯಂತ್ರಣಕ್ಕೂ ನೆರವಾಗುತ್ತದೆ. ಬೇಸಿಗೆಯಲ್ಲಿ ಬಳಸುವ ನೀರಿನ ಕೂಲರ್ ಮಾತ್ರ ಕೋಣೆಯ ತೇವವನ್ನು ಹೆಚ್ಚಿಸಿ, ಒಣಹವೆಯು ಸಹಜವಾಗಿ ನೀಡುವ ರಕ್ಷಣೆಯನ್ನು ಕುಂದಿಸುತ್ತದೆ.

ಪತ್ತೆ ಮತ್ತು ಚಿಕಿತ್ಸೆ

ಚರ್ಮದ ಚುಚ್ಚು ಪರೀಕ್ಷೆಯಲ್ಲಿ ಸುಮಾರು 15–20 ನಿಮಿಷಗಳಲ್ಲಿ ಫಲಿತಾಂಶ ತಿಳಿಯುತ್ತದೆ. ರಕ್ತದಲ್ಲಿನ ಐಜಿಇ ಪ್ರಮಾಣವನ್ನೂ ಅಳೆಯಬಹುದು. ಹಿಸ್ಟಮಿನ್‌ರೋಧಕ ಮಾತ್ರೆ, ಮೂಗಿನ ಸ್ಟೀರಾಯ್ಡ್ ಸಿಂಪಡಣೆ ಹಾಗೂ ಉಬ್ಬಸವಿದ್ದಲ್ಲಿ ಇನ್‌ಹೇಲರ್ ಬಳಕೆಯಲ್ಲಿವೆ. ಇನ್‌ಹೇಲರ್ ಚಟವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಈ ಭಯದಿಂದ ಔಷಧವನ್ನು ತಾವಾಗಿಯೇ ನಿಲ್ಲಿಸಿದರೆ ಉಬ್ಬಸವು ಪ್ರಾಣಾಪಾಯದ ಹಂತ ತಲುಪಬಹುದು. ಆಯ್ದ ರೋಗಿಗಳಿಗೆ ಸಾಮಾನ್ಯವಾಗಿ ಮೂರರಿಂದ ಐದು ವರ್ಷಗಳ ಇಮ್ಯುನೋಥೆರಪಿ ನೀಡಲಾಗುತ್ತದೆ. ಮಾತನಾಡಲೂ ಆಗದಷ್ಟು ಏದುಸಿರು ಬಂದರೆ ಅಥವಾ ತುಟಿ ನೀಲಿಗಟ್ಟಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ನಿಯಂತ್ರಣ

ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 55–60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆದರೆ ನುಸಿಗಳು ಸಾಯುತ್ತವೆ. ತಣ್ಣೀರಿನಲ್ಲಿ ಒಗೆದರೂ ಅಲರ್ಜಿಕಾರಕ ಪ್ರೋಟೀನು ಬಹುಪಾಲು ತೊಳೆದುಹೋಗುತ್ತದೆ. ಬಿಸಿಲು ನುಸಿಯನ್ನು ಒಣಗಿಸುತ್ತದೆಯಾದರೂ ಹಿಕ್ಕೆಯನ್ನು ತೆಗೆಯದು. ಆದ್ದರಿಂದ ಒಗೆಯುವುದೂ ಅಗತ್ಯ. ಒಣ ಕಸಬರಿಗೆಯ ಬದಲು ಒದ್ದೆ ಬಟ್ಟೆಯಿಂದ ಒರೆಸುವುದು, ಗಾದಿ ಮತ್ತು ದಿಂಬುಗಳಿಗೆ ಒತ್ತು ನೇಯ್ಗೆಯ ಹೊದಿಕೆ ಹಾಕುವುದು, ಕೋಣೆಗೆ ಗಾಳಿ, ಬೆಳಕು ಬರುವಂತೆ ಮಾಡುವುದು ಇತರ ಕ್ರಮಗಳು. ಅಲರ್ಜಿಯುಳ್ಳವರು ಕೌದಿ ಕೊಡವುವ ಕೆಲಸದಿಂದ ದೂರವಿರುವುದು ಒಳಿತು.