ಹದಕಾವು ಮತ್ತು ಲೋಹಗಾಜು: ಗಡಸುತನ ಏರಿದಾಗ ತಾಳಿಕೆ ಏಕೆ ಕುಸಿಯುತ್ತದೆ?

ಕತಾರಿನ ಮಿಸೈಯೀದ್‌ನಲ್ಲಿರುವ ಕತಾಲಮ್ ಸ್ಥಾವರ 2009ರ ಕೊನೆಯಿಂದ ಅಲ್ಯೂಮಿನಿಯಂ ತಯಾರಿಸುತ್ತಿದೆ. ಚೌಕಟ್ಟುಗಳನ್ನು ಒತ್ತಿ ತೆಗೆಯಲು ಬೇಕಾದ ದಿಮ್ಮಿಗಳು ಅದರ ಮುಖ್ಯ ಉತ್ಪನ್ನಗಳಲ್ಲೊಂದು. ಮೆಗ್ನೀಸಿಯಂ, ಸಿಲಿಕಾನ್ ಬೆರೆತ ಇಂಥ ಮಿಶ್ರಲೋಹವನ್ನು ಸುಮಾರು 175 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಇಟ್ಟರೆ (ಇಂಥ ಕಾಯಿಸುವಿಕೆಯೇ ಹದಕಾವು) ಹರಳುಗಳೊಳಗೆ ಸೂಕ್ಷ್ಮ ಕಣಗಳು ಮೂಡಿ ಪದರಗಳ ಜಾರಾಟವನ್ನು ತಡೆಯುತ್ತವೆ, ಲೋಹ ಬಲಗೊಳ್ಳುತ್ತದೆ. ಹರಳುಗಳೇ ಇಲ್ಲದ ಲೋಹಗಾಜಿಗೆ ಹದಕಾವು ಏನು ಮಾಡುತ್ತದೆ ಎಂಬುದು ಈ ಲೇಖನದ ಪ್ರಶ್ನೆ.

1960ರಲ್ಲಿ ಕ್ಯಾಲ್‌ಟೆಕ್‌ನ ಪೋಲ್ ಡುವೆಜ್ ತಂಡ ಚಿನ್ನ-ಸಿಲಿಕಾನ್ ದ್ರವವನ್ನು ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಡಿಗ್ರಿಯಂತೆ ತಣಿಸಿ ಲೋಹಗಾಜು ಪಡೆಯಿತು. 1993ರಲ್ಲಿ ಪೀಕರ್ ಮತ್ತು ಜಾನ್ಸನ್ ವರದಿ ಮಾಡಿದ ಜಿರ್ಕೋನಿಯಂ ಮೂಲದ ವಿಟ್ರೆಲಾಯ್-1 ಸೆಂಟಿಮೀಟರು ದಪ್ಪದಲ್ಲೂ ಗಾಜಾಗಿಯೇ ಉಳಿಯುತ್ತದೆ. ಅದರ ಬಲ ಸುಮಾರು 1.9 ಗಿಗಾಪ್ಯಾಸ್ಕಲ್, ಗಾಜು ಮೆತ್ತಗಾಗತೊಡಗುವ ತಾಪ, ಅಂದರೆ ಗಾಜು-ಸಂಕ್ರಮಣ ತಾಪ, ಸುಮಾರು 350 ಡಿಗ್ರಿ ಸೆಲ್ಸಿಯಸ್.

ಈ ಗಾಜಿನ ಕುರಿತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಮುರಳಿ ಮತ್ತು ಯು. ರಾಮಮೂರ್ತಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಮಹತ್ವದ್ದು. ಸಂಕ್ರಮಣ ತಾಪದ ಕೆಳಗೇ ಕಾಯಿಸಿದರೂ ಗಾಜು ಪೆಡಸಾಗಿ, ಹೊಡೆತ ತಾಳುವ ಶಕ್ತಿ ತೀವ್ರವಾಗಿ ಕುಸಿಯಿತು. ಕಾರಣ ರಚನೆಯಲ್ಲಿದೆ. ಬೇಗ ತಣಿದ ಗಾಜಿನ ಪರಮಾಣುಗಳ ನಡುವೆ ಸಡಿಲ ಜಾಗ ಉಳಿದಿರುತ್ತದೆ. ಜಾರುಪಟ್ಟಿಗಳು, ಅಂದರೆ ಜಾರಾಟ ನಡೆಯುವ ತೆಳು ಪಟ್ಟಿಗಳು, ಹುಟ್ಟುವುದು ಆ ಜಾಗದ ನೆರವಿನಿಂದ. ಕಾಯಿಸಿದಾಗ ಪರಮಾಣುಗಳು ಒತ್ತೊತ್ತಾಗುತ್ತವೆ, ಗಡಸುತನ ತುಸು ಏರುತ್ತದೆ, ಆದರೆ ಬಿರುಕಿನ ತುದಿಯ ಒತ್ತಡವನ್ನು ಹಂಚಿಕೊಳ್ಳುವ ಜಾರಾಟ ಉಡುಗುತ್ತದೆ. ಅದೇ ವರ್ಷ ಲೆವಾಂಡೋವ್ಸ್ಕಿ, ವಾಂಗ್ ಮತ್ತು ಗ್ರೀರ್ ಅನೇಕ ಲೋಹಗಾಜುಗಳನ್ನು ಹೋಲಿಸಿ, ಪಾಯ್ಸನ್ ಅನುಪಾತ (ಎಳೆದಾಗ ಅಡ್ಡಕ್ಕೆ ಕುಗ್ಗುವುದಕ್ಕೂ ಉದ್ದಕ್ಕೆ ಹಿಗ್ಗುವುದಕ್ಕೂ ಇರುವ ಅನುಪಾತ) ಸುಮಾರು 0.31–0.32ಕ್ಕಿಂತ ಇಳಿದರೆ ಪೆಡಸುತನ ಕಾಣಿಸಿಕೊಳ್ಳುತ್ತದೆಂದು ತೋರಿಸಿದರು.

ಕಾವು ಇನ್ನೂ ಏರಿದರೆ ಹರಳುಗಟ್ಟುವಿಕೆ ಆರಂಭವಾಗಿ ಗಾಜಿನ ಗುಣವೇ ಅಳಿಯುತ್ತದೆ. ಅದಕ್ಕೂ ಮುಂಚಿನ ಹಾನಿಯನ್ನು ಸರಿಪಡಿಸಬಹುದು: ಸಂಕ್ರಮಣ ತಾಪ ದಾಟಿಸಿ ಥಟ್ಟನೆ ತಣಿಸಿದರೆ ಸಡಿಲ ಜಾಗ ಮರಳುತ್ತದೆ. ದ್ರವ ಸಾರಜನಕದಲ್ಲಿ ಮತ್ತೆ ಮತ್ತೆ ಅದ್ದಿ ತೆಗೆದರೂ ಕೆಲವು ಲೋಹಗಾಜುಗಳು ಪುನಶ್ಚೇತನಗೊಳ್ಳುತ್ತವೆ ಎಂದು 2015ರಲ್ಲಿ ಕೆಟೋವ್ ಮತ್ತು ಸಂಗಡಿಗರು ವರದಿ ಮಾಡಿದರು.

ಕತಾರಿನ ದೋಹಾದ 50 ಡಿಗ್ರಿ ಬಿಸಿಲು ವಿಟ್ರೆಲಾಯ್‌ನ ಸಂಕ್ರಮಣ ತಾಪಕ್ಕಿಂತ ಬಹಳ ಕೆಳಗಿದೆ, ಹಾಗಾಗಿ ಬಿಸಿಲಿನ ಚಿಂತೆ ಬೇಡ. ಎಚ್ಚರ ಬೇಕಿರುವುದು ಬೆಸುಗೆ, ಲೇಪನದಂಥ ತಯಾರಿಯ ಹಂತಗಳಲ್ಲಿ. ಅಲ್ಯೂಮಿನಿಯಂ ಕುಲುಮೆಯ ಅನುಭವವನ್ನು ಲೋಹಗಾಜಿಗೆ ನೇರವಾಗಿ ಅನ್ವಯಿಸಲಾಗದು. ಗಡಸುತನವೊಂದನ್ನೇ ಅಳೆದು ಹದಕಾವನ್ನು ಒಪ್ಪಬಾರದು. ಮುರಿತ ತಾಳಿಕೆಯ ಪರೀಕ್ಷೆಯೂ ಕಡ್ಡಾಯವಾಗಬೇಕು.