ಬಾಡಿಗೆ ರೂಮಿಗೆ ಯಾವ ನೆಟ್? ಮೂವತ್ತು ವರ್ಷದ ಕಥೆ

ಹೋದ ತಿಂಗಳು ಅಕ್ಕನ ಮಗಳು ಧಾರವಾಡದಿಂದ ಫೋನ್ ಮಾಡಿದಳು. "ಮಾಮಾ, ನಾವು ಮೂರು ಮಂದಿ ಸೇರಿ ಸಪ್ತಾಪುರದಾಗ ರೂಮ್ ಹಿಡದೀವಿ. ಪರೀಕ್ಷೆ ಮುಗಿಯೋತನಕ, ಎಂಟು ತಿಂಗಳು ಅಷ್ಟ. ವೈಫೈ ಹಾಕಸೋಣೋ, ಮೊಬೈಲ್ ನೆಟ್ಟಿನಾಗ ದಾಟಸೋಣೋ?"

"ಎರಡು ದಿನ ತಡಿಯವ್ವಾ, ಹೇಳ್ತೀನಿ" ಅಂದೆ.

ಸುಲಭದ ಪ್ರಶ್ನೆ ಅನ್ನಿಸಬಹುದು. ಆದರೆ 2020ರ ಲಾಕ್‌ಡೌನ್‌ನಲ್ಲಿ ಈ ಹುಡುಗಿ ಪಿಯುಸಿ ಆನ್‌ಲೈನ್ ಕ್ಲಾಸಿಗೆ ಸಿಗ್ನಲ್ ಹುಡುಕಿ ಕೆರೆ ಏರಿ ಮೇಲೆ ಕೊಡೆ ಹಿಡಿದು ಕೂತಿದ್ದನ್ನು ನಾನು ಕಂಡಿದ್ದೇನೆ. ಈಗ ಮತ್ತೆ ನೆಟ್ ಕೈಕೊಟ್ಟರೆ ಒಂದು ವರ್ಷದ ಓದು, ಅಕ್ಕ-ಭಾವನ ಒಂದು ಬೆಳೆಯ ದುಡ್ಡು ಎರಡೂ ಹೋಗುತ್ತವೆ. ಹಾಗಾಗಿ ಬಾಯಿಗೆ ಬಂದದ್ದು ಹೇಳಲಿಲ್ಲ. ಯೋಚಿಸುತ್ತಾ ಹೋದಂತೆ ಉತ್ತರ ಹಳೇ ಕಥೆಯಲ್ಲೇ ಇದೆ ಅನ್ನಿಸಿತು. ನೆಟ್ ಮನೆಗೆ ಸೇರಿದ್ದೋ, ಮನುಷ್ಯನಿಗೆ ಸೇರಿದ್ದೋ ಎಂಬ ಕಥೆ ಅದು.

ಪಿ.ಪಿ. ನಂಬರಿನ ಕಾಲ

ಮೊದಲು ಇದ್ದದ್ದು ಟೆಲಿಫೋನ್ ತಂತಿ. ಹಳ್ಳಿಗೆ ಅದು ಬರುವುದೇ ಕಷ್ಟವಿತ್ತು. ದೊಡ್ಡ ಎಕ್ಸ್‌ಚೇಂಜ್ ಯಂತ್ರಗಳಿಗೆ ಎ.ಸಿ. ಕೋಣೆ ಬೇಕು, ನಮ್ಮ ಬಿಸಿಲು, ದೂಳು, ಕರೆಂಟಿನ ಆಟ ಅವಕ್ಕೆ ಆಗುತ್ತಿರಲಿಲ್ಲ. 1984ರಲ್ಲಿ ಶುರುವಾದ ಸಿ-ಡಾಟ್ ಎಂಬ ಸರ್ಕಾರಿ ಸಂಸ್ಥೆ ಎ.ಸಿ. ಬೇಡದ, 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ತಯಾರಿಸಿತು. ಅದರಲ್ಲಿ ಮೊದಲನೆಯದು 1986ರಲ್ಲಿ ಕೂತದ್ದು ನಮ್ಮ ಕಿತ್ತೂರಿನಲ್ಲಿ. ಚೆನ್ನಮ್ಮನ ಕಿತ್ತೂರು ಎಲ್ಲರಿಗೂ ಗೊತ್ತು, ಈ ಸಂಗತಿ ಗೊತ್ತಿರುವವರು ಕಡಿಮೆ.

ತಂತಿ ಬಂತು, ಆದರೆ ಬಂದದ್ದು ಮನೆಗೆ. ಅರ್ಜಿ ಕೊಟ್ಟು, ಡಿಪಾಸಿಟ್ ಕಟ್ಟಿ, ವರ್ಷಗಟ್ಟಲೆ ಕಾದವರಿದ್ದರು. ಮನೆ ಬದಲಿಸಿದರೆ ಫೋನ್ ಶಿಫ್ಟ್ ಮಾಡಿಸಲು ಇನ್ನೊಂದು ಅರ್ಜಿ. ಇಂದು ಇಲ್ಲಿ, ನಾಳೆ ಅಲ್ಲಿ ಎನ್ನುವ ಬಾಡಿಗೆದಾರನಿಗೆ ಈ ಉಸಾಬರಿಯೇ ಬೇಡವಾಗಿತ್ತು. ಅವನ ಪಾಲಿಗೆ ಇದ್ದದ್ದು ಎಸ್‌ಟಿಡಿ ಬೂತ್, ಇಲ್ಲವೇ ಮನೆ ಮಾಲೀಕರ ಫೋನ್. ಹಳೇ ಲಗ್ನಪತ್ರಿಕೆ ತೆಗೆದು ನೋಡಿ, ನಂಬರಿನ ಪಕ್ಕ "ಪಿ.ಪಿ." ಎಂದು ಅಚ್ಚಾಗಿರುತ್ತದೆ. ಪಕ್ಕದ ಮನೆಯ ಫೋನು, ಕರೆದು ಕೊಡುತ್ತಾರೆ ಎಂದು ಅರ್ಥ.

ನೆಟ್ ಬಂತು, ಅದೂ ತಂತಿಯ ಮೇಲೆ

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ದೇಶದ ಜನರಿಗೆ ಇಂಟರ್ನೆಟ್ ಕೊಡಲು ಶುರು ಮಾಡಿತು. ಮೊದಲು ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈನಂಥ ದೊಡ್ಡ ಊರುಗಳಿಗೆ. ಫೋನ್ ತಂತಿಗೆ ಮೋಡೆಮ್ ಸಿಕ್ಕಿಸಿ ಡಯಲ್ ಮಾಡಬೇಕಿತ್ತು. ವೇಗ 9.6 ಕೆಬಿಪಿಎಸ್. ಇಂದು ನೀವು ವಾಟ್ಸಾಪಿನಲ್ಲಿ ಕಳಿಸುವ ಒಂದು ಎಂಬಿ ಫೋಟೋ ಆ ವೇಗದಲ್ಲಿ ಬರಲು ಹದಿನಾಲ್ಕು ನಿಮಿಷ ಬೇಕು. ಮನೆಬಳಕೆಗೆ 250 ಗಂಟೆಗೆ 5,000 ರೂಪಾಯಿ. ನೆಟ್ ನಡೆಯುವಾಗ ಫೋನ್ ಎಂಗೇಜ್.

ಲ್ಯಾಂಡ್‌ಲೈನ್ ಇಲ್ಲದವನಿಗೆ ನೆಟ್ಟೂ ಇಲ್ಲ. ಹೀಗಾಗಿ ಬಾಡಿಗೆ ರೂಮಿನ ಹುಡುಗರ ಇಂಟರ್ನೆಟ್ ಅಂದರೆ ಸೈಬರ್ ಕೆಫೆಯೇ ಆಗಿತ್ತು. ನಾನು ಪಿಯುಸಿ ರಿಸಲ್ಟ್ ನೋಡಿದ್ದು ಅಲ್ಲೇ, ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು.

2004ರ ಬ್ರಾಡ್‌ಬ್ಯಾಂಡ್ ನೀತಿ ಕನಿಷ್ಠ ವೇಗ 256 ಕೆಬಿಪಿಎಸ್ ಇರಬೇಕು ಎಂದಿತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಕೊಡತೊಡಗಿತು. ಅದೇ ಫೋಟೋ ಈಗ ಅರ್ಧ ನಿಮಿಷಕ್ಕೆ ಬಂತು. ಆದರೆ ಅದೂ ಅದೇ ತಾಮ್ರದ ತಂತಿಯ ಮೇಲೆಯೇ. ಎಕ್ಸ್‌ಚೇಂಜಿನಿಂದ ದೂರ ಹೋದಷ್ಟೂ ವೇಗ ಇಳಿಯುತ್ತಿತ್ತು. ತೋಟದ ಮನೆಯವರು, ಬಾಡಿಗೆಯವರು ಮತ್ತೆ ಹೊರಗೇ ಉಳಿದರು.

ಜೇಬಿಗೆ ಇಳಿದ ನೆಟ್

2010ರಲ್ಲಿ 3ಜಿ ತರಂಗಗಳ ಹರಾಜಾಯಿತು. ಯುಎಸ್‌ಬಿ ಡಾಂಗಲ್‌ಗಳು ಅಂಗಡಿಯಲ್ಲಿ ನೇತಾಡಿದವು. 2011ರ ಜನವರಿ 20ರಿಂದ ನಂಬರ್ ಬದಲಿಸದೆ ಕಂಪನಿ ಬದಲಿಸುವ ಸವಲತ್ತು ದೇಶಕ್ಕೆಲ್ಲ ಬಂತು. 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂದು, ಮುಂದಿನ ಮಾರ್ಚ್‌ವರೆಗೆ ಪುಕ್ಕಟೆ ಡೇಟಾ ಕೊಟ್ಟಿತು. ಅಲ್ಲಿಯವರೆಗೆ ಒಂದು ಜಿಬಿಯನ್ನು ತಿಂಗಳಿಡೀ ಎಣಿಸಿ ಬಳಸುತ್ತಿದ್ದ ನಾವು ದಿನಕ್ಕೆ ಒಂದು ಜಿಬಿ ಸಾಲದು ಅನ್ನತೊಡಗಿದೆವು.

ಬಾಡಿಗೆದಾರನ ಮಟ್ಟಿಗೆ ಇದು ದೊಡ್ಡ ಬದಲಾವಣೆ. ಮೊದಲ ಸಲ ನೆಟ್ ಗೋಡೆ ಬಿಟ್ಟು ಮನುಷ್ಯನ ಹಿಂದೆ ಬಂತು. ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿದ್ದ ಯಾದಗಿರಿಯ ಕೂಲಿಗೂ, ಪಕ್ಕದ ಬಂಗಲೆಯವನಿಗೂ ಒಂದೇ ಟವರ್.

ತೊಡಕು ಇರುವುದೂ ಅಲ್ಲೇ. ಟವರಿನ ಶಕ್ತಿಯನ್ನು ಸುತ್ತಲಿನವರೆಲ್ಲ ಹಂಚಿಕೊಳ್ಳಬೇಕು. ಕೆರೆಯ ನೀರಿದ್ದಂತೆ, ಎಲ್ಲರೂ ಒಮ್ಮೆಗೇ ತೂಬು ಎತ್ತಿದರೆ ಕೊನೆಯ ಹೊಲಕ್ಕೆ ನೀರಿಲ್ಲ. 2020ರಲ್ಲಿ ಅದೇ ಆಯಿತು. ಆಗ ಎಲ್ಲರಿಗೂ ಮತ್ತೆ ಮನೆಗೆ ತಂತಿ ಬೇಕೆನ್ನಿಸಿತು. ಈ ಸಲ ತಾಮ್ರವಲ್ಲ, ಗಾಜಿನ ಫೈಬರ್. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ 2011ರಲ್ಲೇ ಒಪ್ಪಿತ್ತು. ಈಗಿನ ಭಾರತ್‌ನೆಟ್ ಅದೇ.

ಫೈಬರ್ ವೇಗ ಚೆನ್ನ. ಆದರೆ ನೆಟ್ ಮತ್ತೆ ಗೋಡೆಗೆ ಹೋಯಿತು. ನಾನು ಪೆಟ್ಟು ತಿಂದದ್ದು ಇಲ್ಲೇ. 2021ರಲ್ಲಿ ಜಿಲ್ಲಾ ಕೇಂದ್ರದಲ್ಲಿ ರೂಮ್ ಮಾಡಿ, ಎರಡು ತಿಂಗಳು ಫ್ರೀ ಎಂಬ ಆಸೆಗೆ ವರ್ಷದ ದುಡ್ಡು ಒಟ್ಟಿಗೆ ಕಟ್ಟಿದೆ. ಐದು ತಿಂಗಳಿಗೆ ಮಾಲೀಕರು ಮಗನ ಮದುವೆ ಇದೆ, ಮನೆ ಬಿಡಿ ಅಂದರು. ಹೊಸ ಓಣಿಯಲ್ಲಿ ಆ ಕಂಪನಿಯ ಕೇಬಲ್ಲೇ ಇರಲಿಲ್ಲ. ಉಳಿದ ದುಡ್ಡು ವಾಪಸ್ ಬರಲಿಲ್ಲ. ರಸೀದಿಯ ಹಿಂದಿನ ಸಣ್ಣ ಅಕ್ಷರ ಓದದೇ ಇದ್ದದ್ದು ನನ್ನ ತಪ್ಪು.

2023ರಿಂದ ಇವೆರಡರ ನಡುವಿನದೊಂದು ಬಂದಿದೆ, ಏರ್‌ಫೈಬರ್. ಓಣಿಯಿಂದ ಮನೆಗೆ ಕೇಬಲ್ ಎಳೆಯುವುದಿಲ್ಲ. ಟವರಿನ 5ಜಿ ಸಿಗ್ನಲ್ಲನ್ನು ಮಾಳಿಗೆಯ ಮೇಲಿನ ಡಬ್ಬಿ ಹಿಡಿದು ಒಳಗೆ ವೈಫೈ ಮಾಡುತ್ತದೆ. ಆದರೆ ಡಬ್ಬಿ ಕೂರಿಸಲು ಮಾಲೀಕರು ಒಪ್ಪಬೇಕು, ಹೊಸ ವಿಳಾಸದಲ್ಲಿ ಸಿಗ್ನಲ್ ಇದ್ದರಷ್ಟೇ ಉಪಯೋಗ.

ಅವಳಿಗೆ ಹೇಳಿದ್ದು

ಎರಡು ದಿನ ಬಿಟ್ಟು ಫೋನ್ ಮಾಡಿ ಇಷ್ಟು ಹೇಳಿದೆ.

ಮೊದಲು ವಾರವಿಡೀ ರಾತ್ರಿ ಒಂಬತ್ತಕ್ಕೆ ರೂಮಿನ ಒಳಗೇ ಕೂತು, ಮೂವರ ಸಿಮ್ಮಿನಲ್ಲೂ ಕ್ಲಾಸಿನ ವಿಡಿಯೋ ಹಾಕಿ ನೋಡ್ರಿ. ಹಗಲಲ್ಲಿ ನೋಡಿದರೆ ನಿಜ ತಿಳಿಯುವುದಿಲ್ಲ.

ಲೆಕ್ಕ ಹಾಕ್ರಿ. ಸಾಧಾರಣ ಗುಣಮಟ್ಟದ ವಿಡಿಯೋ ಗಂಟೆಗೆ ಅರ್ಧದಿಂದ ಒಂದು ಜಿಬಿ ತಿನ್ನುತ್ತದೆ. ದಿನಕ್ಕೆ ಒಂದೆರಡು ತಾಸಿನ ಕ್ಲಾಸಾದರೆ ಈಗಿರುವ ರೀಚಾರ್ಜೇ ಸಾಕು. ನಾಲ್ಕೈದು ತಾಸಾದರೆ ವೈಫೈ ಹಾಕಿಸಿ ಮೂವರು ಹಂಚಿಕೊಳ್ಳುವುದೇ ಅಗ್ಗ.

ಕಟ್ಟಡದಲ್ಲಿ ಯಾವ ಕೇಬಲ್ ಈಗಾಗಲೇ ಇದೆ ಎಂದು ಕೆಳಗಿನ ಮನೆಯವರನ್ನು ಕೇಳ್ರಿ. ಅದನ್ನೇ ತಗೊಂಡರೆ ಬೇಗ ಆಗುತ್ತದೆ. ಗೋಡೆಗೆ ತೂತು ಹೊಡೆಯುವ ಮೊದಲು ಮಾಲೀಕರ ಒಪ್ಪಿಗೆ ಇರಲಿ.

ಎಂಟು ತಿಂಗಳ ಮನೆಗೆ ಹನ್ನೆರಡು ತಿಂಗಳ ದುಡ್ಡು ಕಟ್ಟಬ್ಯಾಡ್ರಿ. ತುಸು ಹೆಚ್ಚಾದರೂ ತಿಂಗಳ ಪ್ಲ್ಯಾನೇ ಇರಲಿ. ರೂಟರ್ ಡಿಪಾಸಿಟ್ ಎಷ್ಟು, ವಾಪಸ್ ಯಾವಾಗ ಎಂದು ಬರಹದಲ್ಲಿ ತಗೋರಿ. ಬಿಡುವಾಗ ರೂಟರ್ ಕೊಟ್ಟು ರಸೀದಿ ಇಸ್ಕೊಳ್ರಿ.

ಅವರು ಹಾಗೇ ಮಾಡಿದರು. ಮೂರರಲ್ಲಿ ಎರಡು ಸಿಮ್ ರಾತ್ರಿ ಮಲಗಿಬಿಡುತ್ತಿದ್ದವು. ಕೆಳಗಿನ ಮನೆಗೆ ಬಂದಿದ್ದ ಫೈಬರನ್ನೇ ಮೇಲಕ್ಕೆ ಎಳೆಸಿ, ಇವಳ ಹೆಸರಿನಲ್ಲಿ ತಿಂಗಳ ಪ್ಲ್ಯಾನ್ ಹಾಕಿಸಿಕೊಂಡರು. ಕರೆಂಟ್ ಹೋದಾಗ ರೂಟರ್ ಬಂದ್ ಆಗುತ್ತದೆ, ಆಗ ಮೂರನೆಯ ಸಿಮ್ಮಿನ ಹಾಟ್‌ಸ್ಪಾಟ್.

ಮೊನ್ನೆ ಮತ್ತೆ ಫೋನ್ ಮಾಡಿದ್ದಳು. ಮನೆಯೊಡತಿ ಅಜ್ಜಿ ದಿನಾ ಸಂಜೆ ಮೆಟ್ಟಿಲು ಹತ್ತಿ ಇವರ ರೂಮಿಗೆ ಬರುತ್ತಾರಂತೆ, ಪುಣೆಯಲ್ಲಿರುವ ಮೊಮ್ಮಗನ ಜೊತೆ ವಿಡಿಯೋ ಕಾಲ್ ಮಾಡಲು. ನಮ್ಮ ಕಾಲದಲ್ಲಿ ಬಾಡಿಗೆಯವರು ಮಾಲೀಕರ ಫೋನಿಗೆ ಕಾಯುತ್ತಿದ್ದರು ಎಂದು ಹೇಳಿ, ಪಿ.ಪಿ. ನಂಬರಿನ ಕಥೆ ಹೇಳಿದೆ. ಅವಳು ನಂಬಲೇ ಇಲ್ಲ.