ಒಂದು ದ್ವೀಪದ ಪೇಟೆಬೀದಿ

ಪೇಟೆಬೀದಿಯಲ್ಲಿ ನಡೆದುಹೋಗುವಾಗ ನಮ್ಮ ಕಣ್ಣು ಅಂಗಡಿಯ ಹಲಗೆಯ ಮೇಲೆ, ಜೋಡಿಸಿಟ್ಟ ಸರಕಿನ ಮೇಲೆ ಹರಿಯುತ್ತದೆ. ತಲೆಯೆತ್ತಿ ಗೋಡೆಯನ್ನು ನೋಡುವವರು ಕಡಮೆ. ದೇವಾಲಯಕ್ಕೆ ಶಾಸನವುಂಟು, ಕೋಟೆಗೆ ಕಥೆಯುಂಟು, ಅರಮನೆಗೆ ಚರಿತ್ರೆಯುಂಟು. ದಿನಸಿ ಅಂಗಡಿಗೆ, ಎಣ್ಣೆಯ ಗೋದಾಮಿಗೆ, ವರ್ತಕನ ಲೆಕ್ಕದ ಮನೆಗೆ ಏನುಂಟು? ಒಬ್ಬ ಕಟ್ಟಿಸಿದ, ಇನ್ನೊಬ್ಬ ಕೊಂಡುಕೊಂಡ, ಮೂರನೆಯವನು ಮುಂಭಾಗವನ್ನು ಬದಲಾಯಿಸಿದ, ನಾಲ್ಕನೆಯವನು ಕೆಡವಿ ಹೊಸದು ಎತ್ತಿದ. ಬರೆದಿಟ್ಟವರಿಲ್ಲ, ಕೇಳುವವರೂ ಇಲ್ಲ. ಆದರೂ ಒಂದು ಊರು ಏನನ್ನು ಮಾರಿ ಬದುಕಿತು, ಯಾವಾಗ ಗಳಿಸಿತು, ಯಾವಾಗ ಕಳೆದುಕೊಂಡಿತು ಎಂಬುದಕ್ಕೆ ಈ ಗೋಡೆಗಳಷ್ಟು ನಂಬಿಕೆಯ ಸಾಕ್ಷಿ ಬೇರೊಂದಿಲ್ಲ. ಓದುಗರೇ, ಈ ಮಾತನ್ನು ದೂರದ ಒಂದು ಸಣ್ಣ ದ್ವೀಪದ ಪೇಟೆಯನ್ನು ತೋರಿಸಿ ವಿವರಿಸುತ್ತೇನೆ. ನಿಮ್ಮ ಊರಿನ ಪೇಟೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ನನ್ನೊಡನೆ ಬನ್ನಿ.

ಅಮೆರಿಕದ ಪೂರ್ವ ಕರಾವಳಿಯ ಮ್ಯಾಸಚೂಸೆಟ್ಸ್ ಸಂಸ್ಥಾನಕ್ಕೆ ಸೇರಿದ ನ್ಯಾಂಟಕೆಟ್ ದ್ವೀಪವು ಅಟ್ಲಾಂಟಿಕ್ ಸಾಗರದಲ್ಲಿ ನೆಲದಿಂದ ಸುಮಾರು ೩೦ ಮೈಲಿ ದೂರದಲ್ಲಿದೆ. ದ್ವೀಪಕ್ಕೂ ಅದರ ಊರಿಗೂ ಒಂದೇ ಹೆಸರು. ವಾಂಪನೋಗ್ ಎಂಬ ಮೂಲನಿವಾಸಿಗಳು ಬಾಳಿದ್ದ ಈ ನೆಲಕ್ಕೆ ೧೬೫೯ರಲ್ಲಿ ಇಂಗ್ಲಿಷರು ಬಂದು ನೆಲಸಿದರು. ಮರಳು ಮಣ್ಣು, ಬೆಳೆ ಅಷ್ಟಕ್ಕಷ್ಟೆ. ಒಳ್ಳೆಯ ಮರವಿಲ್ಲ, ಕಲ್ಲಿನ ಗಣಿಯಿಲ್ಲ. ಹೀಗಿರಲು ಜನ ಸಮುದ್ರವನ್ನೇ ಹೊಲವಾಗಿ ಮಾಡಿಕೊಂಡು ತಿಮಿಂಗಿಲದ ಬೇಟೆಗೆ ಇಳಿದರು. ಮೊದಲು ದಡದ ಸಮೀಪದಲ್ಲಿ, ಆಮೇಲೆ ಅಟ್ಲಾಂಟಿಕ್ಕಿನ ಉದ್ದಗಲಕ್ಕೂ, ಕೊನೆಗೆ ದಕ್ಷಿಣ ಅಮೆರಿಕದ ತುದಿಯನ್ನು ಬಳಸಿಕೊಂಡು ಪ್ರಶಾಂತ ಮಹಾಸಾಗರದವರೆಗೆ. ಒಂದೊಂದು ಯಾನಕ್ಕೆ ಮೂರು ನಾಲ್ಕು ವರ್ಷಗಳು ಹಿಡಿಯುತ್ತಿದ್ದವು. ವಿದ್ಯುದ್ದೀಪವೂ ಸೀಮೆಎಣ್ಣೆಯೂ ಇಲ್ಲದ ಆ ಕಾಲದಲ್ಲಿ ಶ್ರೀಮಂತರ ಮನೆಗಳ ದೀಪಗಳು, ಕಾರ್ಖಾನೆಯ ದೀಪಗಳು, ಹಡಗಿಗೆ ದಾರಿ ತೋರುವ ದೀಪಸ್ತಂಭಗಳು ಈ ಎಣ್ಣೆಯಿಂದ ಉರಿದವು.

ಆ ಹಣವೇ ಪೇಟೆಬೀದಿಯಾಯಿತು. ಬೀದಿಯ ಕೆಳತುದಿಯಲ್ಲಿ, ಹಡಗುಗಳು ನಿಲ್ಲುವ ಧಕ್ಕೆಯ ಪಕ್ಕದಲ್ಲಿ, ವಿಲಿಯಂ ರಾಚ್ ಎಂಬ ವರ್ತಕ ೧೭೭೨ರಲ್ಲಿ ಇಟ್ಟಿಗೆಯ ಲೆಕ್ಕದ ಮನೆಯೊಂದನ್ನು ಕಟ್ಟಿಸಿದ. ಮರುವರ್ಷ ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ನೀರಿಗೆಸೆದ ಪ್ರಸಿದ್ಧ ಘಟನೆಯಲ್ಲಿ ಸಿಕ್ಕಿಕೊಂಡ ಮೂರು ಹಡಗುಗಳಲ್ಲಿ ಎರಡು ಇದೇ ರಾಚ್ ಮನೆತನದವು. ಬೀದಿಯ ಮೇಲ್ತುದಿಯಲ್ಲಿ ೧೮೧೮ರಲ್ಲಿ ಪೆಸಿಫಿಕ್ ಬ್ಯಾಂಕಿನ ಇಟ್ಟಿಗೆಯ ಕಟ್ಟಡ ಎದ್ದಿತು. ಕಟ್ಟಡ ಅಟ್ಲಾಂಟಿಕ್ಕಿನಲ್ಲಿ, ಹೆಸರು ಪೆಸಿಫಿಕ್ಕಿನದು! ದುಡ್ಡು ಯಾವ ಸಾಗರದಿಂದ ಬರುತ್ತಿತ್ತೆಂಬುದನ್ನು ಬಾಗಿಲ ಮೇಲಿನ ಹೆಸರೇ ಸಾರುತ್ತದೆ. ಎಣ್ಣೆಯ ಪೀಪಾಯಿಗಳ ಭಾರಕ್ಕೆ ಗಾಡಿಯ ಚಕ್ರಗಳು ಮರಳಿನಲ್ಲಿ ಹೂತುಹೋಗುತ್ತಿದ್ದುದರಿಂದ ೧೮೩೦ರ ದಶಕದಲ್ಲಿ ಬೀದಿಗೆ ಗುಂಡುಕಲ್ಲುಗಳನ್ನು ಹಾಸಿದರು. ಆ ಕಲ್ಲುಗಳು ಇಂದಿಗೂ ಅಲ್ಲಿವೆ.

ಕೆಳತುದಿಗೆ ಲೆಕ್ಕದ ಮನೆ, ಮೇಲ್ತುದಿಗೆ ಬ್ಯಾಂಕು, ಎರಡೂ ಇಟ್ಟಿಗೆಯವು. ನಡುವಿನದು ಬಹುಮಟ್ಟಿಗೆ ಮರ. ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ೧೮೪೬ರ ಜುಲೈ ೧೩ರ ರಾತ್ರಿ ತಿಳಿಯಿತು. ಸುಮಾರು ಹನ್ನೊಂದು ಗಂಟೆಗೆ ಪೇಟೆಬೀದಿಯ ಒಂದು ಟೋಪಿಯಂಗಡಿಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಬೆಂಕಿ ಗೋದಾಮುಗಳಿಗೆ ಹಬ್ಬಿತು; ಎಣ್ಣೆಯ ಪೀಪಾಯಿಗಳು ಸಿಡಿದವು; ಉರಿಯುವ ಎಣ್ಣೆ ಇಳಿಜಾರಿನಲ್ಲಿ ಹರಿದು ಬಂದರಿನ ನೀರಿನ ಮೇಲೆ ತೇಲುತ್ತ ಉರಿಯಿತು. ಬೆಂಕಿಯ ದಾರಿ ತಡೆಯಲು ಮದ್ದಿಟ್ಟು ಮನೆಗಳನ್ನೇ ಸಿಡಿಸಬೇಕಾಯಿತು. ಬೆಳಗಾಗುವ ಹೊತ್ತಿಗೆ ಊರಿನ ಮೂರರಲ್ಲೊಂದು ಪಾಲು ಬೂದಿಯಾಗಿತ್ತು. ಊರಿನ ಅಥೀನಿಯಂ ಗ್ರಂಥಾಲಯವು ಪುಸ್ತಕಗಳೊಡನೆ, ನಾವಿಕರು ದೂರದ ದ್ವೀಪಗಳಿಂದ ತಂದುಕೊಟ್ಟಿದ್ದ ವಿಚಿತ್ರ ವಸ್ತುಗಳೊಡನೆ ಸುಟ್ಟುಹೋಯಿತು. ಬ್ಯಾಂಕು ಉಳಿಯಿತು, ರಾಚನ ಕಟ್ಟಡದ ಗೋಡೆಗಳು ನಿಂತವು, ಹಿಂದಿನ ವರ್ಷವಷ್ಟೆ ಜ್ಯಾರೆಡ್ ಕಾಫಿನ್ ಎಂಬ ಹಡಗಿನ ಒಡೆಯ ಕಟ್ಟಿಸಿದ್ದ ಮೂರಂತಸ್ತಿನ ಇಟ್ಟಿಗೆಯ ಮನೆಯೂ ಉಳಿಯಿತು.

ಮುಂದೆ ನಡೆದುದನ್ನು ಗಮನಿಸಿ. ಊರಿನವರು ಧೃತಿಗೆಡಲಿಲ್ಲ. ಬೀದಿಯನ್ನು ಅಗಲ ಮಾಡಿದರು. ಹೊರಗಿನಿಂದ ಹಡಗಿನಲ್ಲಿ ಇಟ್ಟಿಗೆ ತರಿಸಿ ಒಂದೇ ಸಾಲಿನ, ಒಂದೇ ಎತ್ತರದ ಅಂಗಡಿಗಳನ್ನು ಕಟ್ಟಿದರು. ಗ್ರೀಕ್ ದೇವಾಲಯದ ಕಂಬಸಾಲನ್ನು ಹೊತ್ತ ಹೊಸ ಗ್ರಂಥಾಲಯ, ಫ್ರೆಡರಿಕ್ ಬ್ರೌನ್ ಕೋಲ್ಮನ್ ಎಂಬ ಶಿಲ್ಪಿಯ ಕೈಯಿಂದ, ಏಳು ತಿಂಗಳೊಳಗಾಗಿ ೧೮೪೭ರ ಆರಂಭದಲ್ಲಿ ಬಾಗಿಲು ತೆರೆಯಿತು. ಆ ಗ್ರಂಥಾಲಯದ ಅಧಿಕಾರಿಣಿ ಮರಾಯ ಮಿಚೆಲ್. ಆಕೆಯ ತಂದೆ ಪೆಸಿಫಿಕ್ ಬ್ಯಾಂಕಿನ ಖಜಾಂಚಿ. ಸಂಸಾರದ ವಾಸ ಬ್ಯಾಂಕಿನ ಕಟ್ಟಡದಲ್ಲೇ. ಅದೇ ವರ್ಷದ ಅಕ್ಟೋಬರ್ ೧ರ ರಾತ್ರಿ ಬ್ಯಾಂಕಿನ ಮಾಳಿಗೆಯ ಮೇಲೆ ದುರ್ಬೀನು ಹಿಡಿದು ನಿಂತಿದ್ದ ಈಕೆ ಹೊಸ ಧೂಮಕೇತುವೊಂದನ್ನು ಕಂಡುಹಿಡಿದು ಡೆನ್ಮಾರ್ಕಿನ ದೊರೆಯ ಚಿನ್ನದ ಪದಕವನ್ನು ಪಡೆದಳು. ವ್ಯಾಪಾರದ ಕಟ್ಟಡವೆಂದರೆ ಬರಿಯ ಲಾಭನಷ್ಟದ ಗೂಡಲ್ಲವೆಂಬುದಕ್ಕೆ ಇದಕ್ಕಿಂತ ಚೆಲುವಾದ ನಿದರ್ಶನ ಬೇಕೆ?

ಆದರೆ ವಿಧಿಯ ಆಟವನ್ನು ನೋಡಿ. ಊರು ತನ್ನ ಗಟ್ಟಿಮುಟ್ಟಾದ ಕಟ್ಟಡಗಳನ್ನು ಎತ್ತಿದ್ದು ಕಸುಬು ಕೈಬಿಡುವ ಹೊತ್ತಿನಲ್ಲಿ. ಬಂದರಿನ ಬಾಯಲ್ಲಿ ಮರಳಿನ ದಿಬ್ಬವಿತ್ತು. ಹಡಗುಗಳು ದೊಡ್ಡವಾದಂತೆ ತುಂಬಿದ ಹಡಗು ಒಳಗೆ ಬರಲಾರದಾಯಿತು. ಎದುರು ದಡದ ನ್ಯೂ ಬೆಡ್‌ಫರ್ಡಿಗೆ ಆಳದ ಬಂದರೂ ಇತ್ತು, ೧೮೪೦ರಲ್ಲಿ ರೈಲೂ ಬಂದಿತ್ತು. ೧೮೪೯ರಲ್ಲಿ ಕ್ಯಾಲಿಫೋರ್ನಿಯದ ಚಿನ್ನದ ಆಸೆ ಯುವಕರನ್ನು ಸೆಳೆದುಕೊಂಡಿತು. ೧೮೫೯ರಲ್ಲಿ ಪೆನ್ಸಿಲ್ವೇನಿಯದಲ್ಲಿ ಭೂಮಿಯಿಂದ ಕಲ್ಲೆಣ್ಣೆ ಉಕ್ಕಿತು. ತಿಮಿಂಗಿಲದ ಎಣ್ಣೆಗೆ ಬೆಲೆ ಉಳಿಯಲಿಲ್ಲ. ೧೮೬೯ರಲ್ಲಿ ಕೊನೆಯ ಬೇಟೆಯ ಹಡಗು ಬಂದರನ್ನು ಬಿಟ್ಟಿತು. ೧೮೪೦ರಲ್ಲಿ ಒಂಬತ್ತು ಸಾವಿರವಿದ್ದ ಜನಸಂಖ್ಯೆ ೧೮೭೫ರ ವೇಳೆಗೆ ಸುಮಾರು ಮೂರು ಸಾವಿರದ ಇನ್ನೂರಕ್ಕೆ ಇಳಿಯಿತು.

ಕೆಡವುವುದಕ್ಕೂ ದುಡ್ಡು ಬೇಕು, ಹೊಸದು ಕಟ್ಟುವುದಕ್ಕೂ ದುಡ್ಡು ಬೇಕು. ಬೇರೆ ಊರುಗಳು ಹಳೆಯ ಅಂಗಡಿಗಳನ್ನು ಉರುಳಿಸಿ ಹೊಸ ಮೋಸ್ತರಿನವುಗಳನ್ನು ಕಟ್ಟುತ್ತಿದ್ದ ದಶಕಗಳಲ್ಲಿ ನ್ಯಾಂಟಕೆಟ್ ಬಡವಾಗಿತ್ತು; ಆದುದರಿಂದಲೇ ಅದರ ಪೇಟೆ ಉಳಿಯಿತು. ಇದ್ದ ಕಟ್ಟಡಗಳು ಹೊಸ ಕೆಲಸ ಹುಡುಕಿಕೊಂಡವು. ರಾಚನ ಲೆಕ್ಕದ ಮನೆ ವಯಸ್ಸಾದ ಕಪ್ತಾನರು ಕೂತು ಹಳೆಯ ಯಾನಗಳನ್ನು ನೆನೆಯುವ ಕೂಟವಾಯಿತು. ಕಾಫಿನನ ಮನೆ ೧೮೪೭ರಲ್ಲೇ ಹಬೆಹಡಗಿನ ಕಂಪನಿಯ ಕೈಗೆ ಹೋಗಿ ಹೋಟೆಲಾಗಿತ್ತು. ಮುಂದೆ ಬೇಸಗೆಯ ಪ್ರವಾಸಿಗರು ಬರತೊಡಗಿದಾಗ ಅಂಥ ವಸತಿಗಳೇ ಊರಿಗೆ ಆಸರೆಯಾದವು. ಬೆಂಕಿಯ ನಂತರ ಎದ್ದ ಹ್ಯಾಡ್ವೆನ್ ಮತ್ತು ಬಾರ್ನಿಯವರ ಮೇಣದಬತ್ತಿಯ ಕಾರ್ಖಾನೆ ಉಗ್ರಾಣವಾಗಿ ದಿನ ಕಳೆದು, ೧೯೩೦ರಲ್ಲಿ ತಿಮಿಂಗಿಲ ಬೇಟೆಯ ವಸ್ತುಸಂಗ್ರಹಾಲಯವಾಯಿತು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಎಣ್ಣೆಯನ್ನು ಚೀಲಗಳಲ್ಲಿ ತುಂಬಿ ಹಿಂಡುತ್ತಿದ್ದ ಭಾರಿ ತೊಲೆಯ ಒತ್ತುಯಂತ್ರ ಅಲ್ಲಿ ಈಗಲೂ ಇದೆ. ತಿಳಿಯೆಣ್ಣೆ ದೀಪಕ್ಕೆ, ಉಳಿದ ಮೇಣ ಬತ್ತಿಗೆ.

ಇನ್ನೊಂದು ಕಟ್ಟಡದ ಕಥೆ ಇನ್ನೂ ಸೋಜಿಗದ್ದು. ಕ್ವೇಕರ್ ಪಂಥದವರ ಪ್ರಾರ್ಥನಾಮಂದಿರವಾಗಿ ಹುಟ್ಟಿದ ಮರದ ಕಟ್ಟಡವೊಂದು ಹುಲ್ಲಿನ ಟೋಪಿಯ ಕಾರ್ಖಾನೆಯಾಯಿತು, ಗಾಲಿಮೆಟ್ಟು ತೊಟ್ಟು ಜಾರಾಡುವ ಅಂಗಳವಾಯಿತು, ಬಂದರಿನಾಚೆಗೆ ಸಾಗಿ ಹೋಟೆಲೊಂದರ ಭಾಗವಾಯಿತು. ೨೦ನೆಯ ಶತಮಾನದ ಆರಂಭದಲ್ಲಿ ನೀರಿನ ಮೇಲೆ ತೇಲಿಸಿ ಅದನ್ನು ಪೇಟೆಗೆ ಮರಳಿ ತಂದರು. ಡ್ರೀಮ್‌ಲ್ಯಾಂಡ್ ಎಂಬ ಚಿತ್ರಮಂದಿರವಾಯಿತು. ಶಿಥಿಲವಾದ ಮೇಲೆ ಹೊಸದಾಗಿ ಕಟ್ಟಿದ ಮಂದಿರ ೨೦೧೨ರಲ್ಲಿ ತೆರೆಯಿತು. ದೇವರ ಧ್ಯಾನದಿಂದ ಚಲಚ್ಚಿತ್ರದವರೆಗೆ ಒಂದೇ ಕಟ್ಟಡದ ಪಯಣ! ಯಾರೂ ಬರೆದಿಡದಿದ್ದರೆ ಇದನ್ನು ನಂಬುವವರಾದರೂ ಯಾರು?

ಬಡತನ ಕಾದುದನ್ನು ಸಿರಿತನದಿಂದ ಕಾಯಲು ಕಾನೂನು ಬೇಕಾಯಿತು. ಪ್ರವಾಸಿಗರಿಂದ ಹಣ ಬರತೊಡಗಿದ ಮೇಲೆ ೧೯೫೫ರಲ್ಲಿ ಹಳೆಯ ಊರನ್ನು ಐತಿಹಾಸಿಕ ವಲಯವೆಂದು ಘೋಷಿಸಿ ಒಂದು ಆಯೋಗವನ್ನು ನೇಮಿಸಿದರು. ಬೀದಿಯಿಂದ ಕಾಣುವ ಕಿಟಕಿ, ಬಾಗಿಲು, ಹಲಗೆ ಯಾವುದನ್ನು ಬದಲಿಸಬೇಕಾದರೂ ಅದರ ಒಪ್ಪಿಗೆ ಬೇಕು. ೧೯೬೪ರ ನಂತರ ವಾಲ್ಟರ್ ಬೈನೆಕಿ ಎಂಬ ಉದ್ಯಮಿಯ ಕಂಪನಿ ಧಕ್ಕೆಗಳನ್ನೂ ಪೇಟೆಯ ಬಹಳಷ್ಟು ಅಂಗಡಿಗಳನ್ನೂ ಕೊಂಡು, ಮುರುಕು ಗೋದಾಮುಗಳ ಜಾಗದಲ್ಲಿ ಹಳೆಯ ರೀತಿಯಲ್ಲೇ ಮರದ ಹೊದಿಕೆಯ ಸಣ್ಣ ಅಂಗಡಿಗಳನ್ನು ಎಬ್ಬಿಸಿತು. ಊರು ಉಳಿಯಿತೆಂದು ಕೆಲವರು ಹರ್ಷಿಸಿದರು. ಊರು ಒಬ್ಬನ ಕೈಗೆ ಹೋಯಿತೆಂದು ಕೆಲವರು ಕೆರಳಿದರು. ಇಬ್ಬರ ಮಾತಿನಲ್ಲೂ ನಿಜವಿತ್ತು. ಇಂದು ಆ ದ್ವೀಪದಲ್ಲಿ ನೆಲದ ಬೆಲೆ ಏರಿ, ಅಂಗಡಿಯಲ್ಲಿ ದುಡಿಯುವವನಿಗೆ ಮನೆ ಸಿಗುವುದೇ ಕಷ್ಟವಾಗಿದೆ.

ಕಾನೂನಿಗೆ ಇನ್ನೊಂದು ಮಿತಿಯೂ ಇದೆ. ಅದು ಕಾಯುವುದು ಮುಖವನ್ನು, ಬಾಗಿಲೊಳಗೆ ಹೆಜ್ಜೆಯಿಡುವಂತಿಲ್ಲ. ಮುಂಭಾಗವನ್ನು ಹಾಗೆಯೇ ಬಿಟ್ಟು ಒಳಗಿನ ತೊಲೆ, ಮೆಟ್ಟಿಲು, ಗಾರೆ ಎಲ್ಲವನ್ನೂ ಕಿತ್ತುಹಾಕಿದರೆ ಬೀದಿಗೆ ಅದು ತಿಳಿಯುವುದೇ ಇಲ್ಲ. ಅಲ್ಲಿ ನೆರವಿಗೆ ಬರುವುದು ದಾಖಲೆ.

ದಾಖಲೆಯೆಂದರೇನು? ೧೯೩೩ರಲ್ಲಿ, ಆರ್ಥಿಕ ಕುಸಿತದ ದಿನಗಳಲ್ಲಿ, ಕೆಲಸವಿಲ್ಲದೆ ಕುಳಿತಿದ್ದ ಶಿಲ್ಪಿಗಳಿಗೆ ಉದ್ಯೋಗ ಕೊಡಲು ಅಮೆರಿಕ ಸರ್ಕಾರ ಐತಿಹಾಸಿಕ ಕಟ್ಟಡಗಳ ಸಮೀಕ್ಷೆಯನ್ನು ಆರಂಭಿಸಿತು. ಕಟ್ಟಡವನ್ನು ಅಂಗುಲ ಅಂಗುಲವಾಗಿ ಅಳೆದು ನಕ್ಷೆ ಬರೆಯುವುದು, ಛಾಯಾಚಿತ್ರ ತೆಗೆಯುವುದು, ಚರಿತ್ರೆ ಬರೆಯುವುದು, ಮೂರನ್ನೂ ರಾಷ್ಟ್ರೀಯ ಗ್ರಂಥಾಲಯದಲ್ಲಿ ಯಾರು ಬೇಕಾದರೂ ನೋಡುವಂತೆ ಇಡುವುದು. ೧೯೬೦ ಮತ್ತು ೭೦ರ ದಶಕಗಳಲ್ಲಿ ಈ ಕೆಲಸ ನ್ಯಾಂಟಕೆಟ್ಟಿನಲ್ಲಿ ನಡೆಯಿತು. ೧೯೭೨ರಿಂದ ಫ್ಲಾರಿಡ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಬೇಸಗೆಯಲ್ಲಿ ಅಲ್ಲಿಗೆ ಹೋಗಿ ಅಳತೆಯ ಪಟ್ಟಿ ಹಿಡಿಯುವ ಪದ್ಧತಿ ಬೆಳೆಯಿತು.

ಅಳೆಯುವ ಕಣ್ಣಿಗೆ ಗೋಡೆಯೇ ಮಾತನಾಡುತ್ತದೆ. ಕಮ್ಮಾರನು ಬಡಿದ ಮೊಳೆಯೋ, ಯಂತ್ರ ಕತ್ತರಿಸಿದ ಚಪ್ಪಟೆ ಮೊಳೆಯೋ, ತಂತಿಯ ಮೊಳೆಯೋ? ಮೊದಲನೆಯದು ಹಳೆಯದು, ಕೊನೆಯದು ೧೯ನೆಯ ಶತಮಾನದ ಕೊನೆಗೆ ಬಂದುದು. ಹಲಗೆಯ ಮೇಲೆ ಗರಗಸದ ಗೀರು ನೇರವೋ ಕಮಾನೋ? ನೇರವಾದರೆ ಮೇಲೆ ಕೆಳಗೆ ಆಡುವ ಹಳೆಯ ಗರಗಸ. ಕಮಾನಾದರೆ ಆಮೇಲೆ ಬಂದ ದುಂಡು ಗರಗಸ. ಇದರ ಜೊತೆಗೆ ಕ್ರಯಪತ್ರಗಳು, ಹಳೆಯ ಪತ್ರಿಕೆಯ ಜಾಹೀರಾತುಗಳು, ಬೆಂಕಿಯ ವಿಮೆಗಾಗಿ ಸ್ಯಾನ್‌ಬಾರ್ನ್ ಕಂಪನಿ ಬರೆಸಿದ ಪೇಟೆಯ ನಕ್ಷೆಗಳು. ಆ ನಕ್ಷೆಗಳಲ್ಲಿ ಇಟ್ಟಿಗೆಯ ಕಟ್ಟಡಕ್ಕೆ ನಸುಗೆಂಪು, ಮರದ್ದಕ್ಕೆ ಹಳದಿ ಬಣ್ಣ. ವಿಮೆಯವನು ತನ್ನ ನಷ್ಟಕ್ಕೆ ಹೆದರಿ ಬರೆಸಿಟ್ಟದ್ದು ಚರಿತ್ರಕಾರನಿಗೆ ನಿಧಿಯಾಗಿದೆ.

ನ್ಯಾಂಟಕೆಟ್ಟಿನ ಪೇಟೆಯನ್ನು ಮೊದಲು ಬಡತನ ಕಾಯಿತು, ಆಮೇಲೆ ಕಾನೂನು ಕಾಯಿತು. ಬಡತನವನ್ನು ಯಾರೂ ಬಯಸುವುದಿಲ್ಲ; ಕಾನೂನು ಮಾಡುವುದು ನಿಮ್ಮ ನನ್ನ ಕೈಯಲ್ಲಿಲ್ಲ. ಆದರೆ ಮೂರನೆಯದು, ಬರೆದಿಡುವುದು, ಎಲ್ಲರ ಕೈಯಲ್ಲೂ ಇದೆ. ಅಂಗಡಿಗಳು ಬದಲಾಗಬಾರದೆಂದು ನಾನು ಹೇಳುತ್ತಿಲ್ಲ. ಕಸುಬು ಬದಲಾದಾಗ ಕಟ್ಟಡವೂ ಬದಲಾಗಲೇಬೇಕು. ಆ ದ್ವೀಪದ ಕಟ್ಟಡಗಳು ಬಾಳಿದ್ದೇ ಹಾಗೆ. ಬದಲಾಗುವ ಮುನ್ನ ಏನಿತ್ತೆಂಬುದು ತಿಳಿದಿರಲಿ, ಇಷ್ಟೇ ಬೇಡಿಕೆ.

ಮುಂದಿನ ಸಲ ಪೇಟೆಗೆ ಹೋದಾಗ ಅಂಗಡಿಯ ಹಲಗೆಯಿಂದ ಕಣ್ಣನ್ನು ಸ್ವಲ್ಪ ಮೇಲಕ್ಕೆತ್ತಿ. ಗಾರೆಯಲ್ಲಿ ಮೂಡಿಸಿದ ಇಸವಿಯೊಂದು ಸುಣ್ಣದಡಿಯಲ್ಲಿ ಕಾಣಬಹುದು. ಅಂಗಡಿಯ ಹಿರಿಯರನ್ನು ಕೇಳಿ: ಇದನ್ನು ಕಟ್ಟಿಸಿದವರು ಯಾರು, ಮೊದಲು ಇಲ್ಲಿ ಏನನ್ನು ಮಾರುತ್ತಿದ್ದರು, ಈ ತೊಲೆ ಎಲ್ಲಿಂದ ಬಂತು? ಕೇಳಿದ್ದನ್ನು ತಾರೀಖು ಹಾಕಿ ಬರೆದಿಡಿ. ಸಾಧ್ಯವಾದರೆ ಒಂದು ಚಿತ್ರವನ್ನೂ ತೆಗೆದಿಡಿ. ಗುದ್ದಲಿ ಬೀಳುವ ದಿನ ಹೇಳಿ ಬರುವುದಿಲ್ಲ.